ಆಟಿಕೆ ಯಾರದು, ರಸ್ತೆ ಯಾರದು?

ಬೆಂಗಳೂರಿನ ಹಣವಂತರ ಬಾಯಲ್ಲಿ ಈಗ ಒಂದು ಮಾತು ಓಡಾಡುತ್ತಿದೆ. ಅದು ‘ವೀಕೆಂಡ್ ಕಾರು’. ಕಚೇರಿಗೆ ಹೋಗಿಬರಲು ಒಂದು ಕಾರು, ಮನೆಮಂದಿಗೆ ಇನ್ನೊಂದು; ಇವೆರಡೂ ಸಾಲದೆಂದು ಶನಿವಾರ ಭಾನುವಾರ ಬೆಳಗ್ಗೆ ಒಂದೆರಡು ಗಂಟೆ ಓಡಿಸಿ ಸಂತೋಷಪಡುವುದಕ್ಕೆ ಮೂರನೆಯದು. ಈ ಮೂರನೆಯದರಲ್ಲಿ ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ ಜಾಗ. ಒಂದು ಮೂಟೆ ರಾಗಿ ಅದರಲ್ಲಿ ಹಿಡಿಯುವುದಿಲ್ಲ. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದರೆ ಆಕೆಯನ್ನು ಅದರೊಳಗೆ ಬಗ್ಗಿಸಿ ಕೂರಿಸುವುದೇ ಒಂದು ಸಾಹಸ. ಜೋರಾಗಿ ಓಡುವುದು, ಓಡುವಾಗ ಗುಡುಗುವುದು, ಇವೆರಡೇ ಅದರ ಕಸುಬು.

ಹೊಸದಕ್ಕೆ ಕೋಟಿ ಸುರಿಯಲು ಮನಸ್ಸಿಲ್ಲದವರು ಹತ್ತು ಹನ್ನೆರಡು ವರ್ಷದ ಹಳೆಯದನ್ನು ಹುಡುಕುತ್ತಾರೆ. ಪೋರ್ಷೆ ಬಾಕ್ಸ್‌ಸ್ಟರ್, ಬಿ.ಎಂ.ಡಬ್ಲ್ಯು. ಜೆಡ್ ಫೋರ್, ಆಡಿ ಟಿ.ಟಿ., ಇಂಥವು. ಮಾರುವವನು ‘ಹೆಚ್ಚು ಓಡಿಲ್ಲ ಸಾರ್, ಭಾನುವಾರಕ್ಕೆ ಮಾತ್ರ ಆಚೆ ತೆಗೀತಿದ್ರು’ ಎನ್ನುತ್ತಾನೆ. ಕೊಳ್ಳುವವನು ‘ಒಂದು ಸಲ ಓಡಿಸಿ ನೋಡೋಣ’ ಎನ್ನುತ್ತಾನೆ. ಎಲ್ಲಿ ಓಡಿಸಿ ನೋಡುವುದು? ಬೆಂಗಳೂರಿನೊಳಗೆ ಮೂರನೆಯ ಗೇರಿಗೆ ಬರುವಷ್ಟು ಜಾಗವೂ ಇಲ್ಲ. ಆದ್ದರಿಂದ ನಮ್ಮ ಕಡೆಗೆ ಬರುತ್ತಾರೆ. ಮಾಗಡಿ ರಸ್ತೆಯಲ್ಲಿ ತಿರುವುಗಳ ಪರೀಕ್ಷೆ. ಕನಕಪುರ ರಸ್ತೆಯಲ್ಲಿ ಬ್ರೇಕಿನ ಪರೀಕ್ಷೆ. ಬಿಡದಿ, ರಾಮನಗರ, ಚನ್ನಪಟ್ಟಣಗಳ ಹೊರಗೆ ಹಾದುಹೋಗುವ ದಶಪಥ ಹೆದ್ದಾರಿಯಲ್ಲಿ ವೇಗದ ಪರೀಕ್ಷೆ. ೨೦೨೫ರಲ್ಲಿ ಸರ್ಕಾರ ನಮ್ಮ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡುವುದಕ್ಕೆ ಮೊದಲೇ ಅಲ್ಲಿನ ಶ್ರೀಮಂತರು ಇದನ್ನು ತಮ್ಮ ಹಿತ್ತಲು ಮಾಡಿಕೊಂಡಿದ್ದರು.

ಒಬ್ಬನು ತನ್ನ ದುಡ್ಡಿನಲ್ಲಿ ಆಟಿಕೆ ಕೊಂಡರೆ ನಾವು ಹೊಟ್ಟೆ ಉರಿಸಿಕೊಳ್ಳಬೇಕಾಗಿಲ್ಲ. ಆಟಿಕೆಯ ಬೆಲೆ ಎಂಥದೆಂದು ಚನ್ನಪಟ್ಟಣದವರಿಗೆ ಯಾರೂ ಕಲಿಸಬೇಕಾಗಿಯೂ ಇಲ್ಲ. ನಮ್ಮ ತಕರಾರು ಆ ಆಟಿಕೆ ಓಡುವ ಅಂಗಳದ್ದು.

ಈ ಅಂಗಳದ ಚರಿತ್ರೆ ಬಹಳ ಹಳೆಯದಲ್ಲ. ಬೆಂಗಳೂರಿನಿಂದ ಮೈಸೂರಿಗೆ ೧೧೮ ಕಿಲೋಮೀಟರು, ಸುಮಾರು ೮,೪೮೦ ಕೋಟಿ ರೂಪಾಯಿ. ನಮ್ಮ ರೈತರ ಹಿಪ್ಪುನೇರಳೆ ತೋಟಗಳೂ ತೆಂಗಿನ ಸಾಲುಗಳೂ ಅದರ ಅಡಿಗೆ ಹೋದವು. ೨೦೨೨ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಅದು ಕೆರೆಯಾಯಿತು. ೨೦೨೩ರ ಮಾರ್ಚ್ ೧೨ರಂದು ಮಂಡ್ಯದಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಎರಡೇ ದಿನದಲ್ಲಿ, ಪಕ್ಕದ ಸರ್ವಿಸ್ ರಸ್ತೆ ಪೂರ್ತಿಯಾಗುವುದಕ್ಕೆ ಮುಂಚೆಯೇ, ಬಿಡದಿಯ ಬಳಿ ಟೋಲ್ ವಸೂಲಿ ಮೊದಲಾಯಿತು, ಜನ ಪ್ರತಿಭಟಿಸಿದರು, ವಸೂಲಿ ನಡೆಯಿತು. ಅದೇ ವರ್ಷ ಆಗಸ್ಟ್ ೧ರಿಂದ ಮೋಟಾರು ಸೈಕಲ್, ಸ್ಕೂಟರ್, ಆಟೋ, ಟ್ರಾಕ್ಟರ್, ಎತ್ತಿನಗಾಡಿ, ಇವು ಯಾವುವೂ ಮುಖ್ಯ ರಸ್ತೆಗೆ ಬರಕೂಡದೆಂದು ಆಜ್ಞೆಯಾಯಿತು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ನಮ್ಮ ಐದು ತಾಲ್ಲೂಕುಗಳಲ್ಲಿ ದುಡಿಯುವ ಮನುಷ್ಯ ಹತ್ತುವ ಗಾಡಿಗಳೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇವೆ. ಬಿಡದಿಯ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುವವನ ಮೋಟಾರು ಸೈಕಲ್, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವವನ ಲಗೇಜ್ ಆಟೋ, ರೈತನ ಟ್ರಾಕ್ಟರು. ಗೂಡು ಕಾಯುವ ಪದಾರ್ಥವಲ್ಲ. ಹರಾಜಿನ ಹೊತ್ತು ಮೀರಿದರೆ ರೈತನಿಗೂ ನಷ್ಟ, ಅದನ್ನು ನಂಬಿ ಬಾಣಲೆ ಕಾಯಿಸಿಟ್ಟ ನೂಲು ಬಿಚ್ಚಾಣಿಕೆಯವನಿಗೂ ನಷ್ಟ. ಅವನ ಅವಸರಕ್ಕೆ ಸರ್ವಿಸ್ ರಸ್ತೆ. ಅವಸರವೇ ಇಲ್ಲದವನ ಭಾನುವಾರಕ್ಕೆ ಆರು ಸಾಲಿನ ರಾಜಮಾರ್ಗ.

ನಿಷೇಧಕ್ಕೆ ಕೊಟ್ಟ ಕಾರಣ ಸುಳ್ಳೆಂದು ನಾವು ಹೇಳುವುದಿಲ್ಲ. ೨೦೨೩ರ ಒಂದೇ ವರ್ಷದಲ್ಲಿ ಈ ರಸ್ತೆಯ ಮೇಲೆ ಸತ್ತವರು ನೂರಕ್ಕೂ ಹೆಚ್ಚು. ಗಂಟೆಗೆ ೪೦ ಕಿಲೋಮೀಟರಿನಲ್ಲಿ ಹೋಗುವ ಆಟೋ, ೧೪೦ರಲ್ಲಿ ಬರುವ ಕಾರು, ಎರಡೂ ಒಂದೇ ಸಾಲಿನಲ್ಲಿದ್ದರೆ ಸಾವು ಖಂಡಿತ. ಆದರೆ ಇಲ್ಲಿ ಕಾರಿಗೆ ಇರುವ ಮಿತಿ ೧೦೦. ಆಟೋದವನು ಯಾವ ಮಿತಿಯನ್ನೂ ಮೀರಿರಲಿಲ್ಲ; ಮೀರಿದವನು ಕಾರಿನವನು. ಕಾನೂನು ಪಾಲಿಸಿದವನನ್ನು ರಸ್ತೆಯಿಂದ ಇಳಿಸಿ ಮುರಿದವನಿಗೆ ರಸ್ತೆಯನ್ನು ತೆರವು ಮಾಡಿಕೊಟ್ಟ ಈ ನ್ಯಾಯಕ್ಕೆ ಏನೆಂದು ಹೆಸರಿಡಬೇಕು? ೨೦೨೪ರಲ್ಲಿ ಕ್ಯಾಮರಾಗಳು ಬಂದವು. ೧೩೦ ದಾಟಿದವರ ಮೇಲೆ ಎಫ್.ಐ.ಆರ್. ಹಾಕುತ್ತೇವೆಂದು ಆ ವರ್ಷದ ಆಗಸ್ಟಿನಿಂದ ಪೊಲೀಸರು ಹೊರಟರು. ಅದನ್ನು ನಾವು ಮೆಚ್ಚುತ್ತೇವೆ. ಆದರೆ ೧೦೦ಕ್ಕೂ ೧೩೦ಕ್ಕೂ ನಡುವಿನ ಮೂವತ್ತಕ್ಕೆ ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು. ಕಾರಿನ ಒಂದು ಜೊತೆ ಟಯರಿಗೆ ಅರ್ಧ ಲಕ್ಷ ಕೊಡುವವನಿಗೆ ಆ ದಂಡ ಕಾಫಿಯ ಖರ್ಚು.

ಇನ್ನು ಪರೀಕ್ಷೆಯ ವಿಷಯ. ಚೆನ್ನಾಗಿ ಬಲ್ಲ ಮೆಕ್ಯಾನಿಕ್‌ಗಳು ನಮ್ಮ ಓದುಗರಲ್ಲೇ ಇದ್ದಾರೆ. ಅವರನ್ನು ಕೇಳಿ ನೋಡಿ. ಹಳೆಯ ಕಾರನ್ನು ಪರೀಕ್ಷಿಸುವವನು ಮೊದಲು ಅದರ ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ಸದ್ದು ಕೇಳಬೇಕು, ಹೊಗೆಯ ಬಣ್ಣ ನೋಡಬೇಕು. ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕಿದೆಯೇ ಎಂದು ಬಗ್ಗಿ ನೋಡಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಭಾನುವಾರಕ್ಕೆ ಮಾತ್ರ ಆಚೆ ಬಂದ ಕಾರಿನ ಗುಟ್ಟೆಲ್ಲ ಇಲ್ಲಿದೆ. ಓಡದೆ ನಿಂತದ್ದರಿಂದ ಟಯರು ಸವೆದಿರುವುದಿಲ್ಲ, ನೋಡಲು ಹೊಸದರಂತೆ ಇರುತ್ತದೆ. ಆದರೆ ರಬ್ಬರು ಒಣಗಿ ಗಡುಸಾಗಿ ಹಿಡಿತ ಬಿಟ್ಟಿರುತ್ತದೆ. ಬ್ರೇಕಿನ ಎಣ್ಣೆ ಕುಳಿತಲ್ಲೇ ತೇವ ಎಳೆದುಕೊಳ್ಳುತ್ತದೆ, ಬ್ರೇಕಿನ ತಟ್ಟೆಗೆ ತುಕ್ಕು ಹಿಡಿಯುತ್ತದೆ. ‘ಹೆಚ್ಚು ಓಡಿಲ್ಲ’ ಎಂದು ಮಾರುವವನು ಹೊಗಳಿದ ಕಾರೇ ಹೆಚ್ಚು ವೇಗಕ್ಕೆ ಹೆಚ್ಚು ಅಪಾಯದ್ದು. ಅಂಥದನ್ನು, ಹಿಂದೆಂದೂ ಹಿಡಿಯದವನೊಬ್ಬ, ಮೊದಲನೆಯ ಸಲ, ಅದರ ಮಿತಿ ಎಲ್ಲಿದೆಯೆಂದು ತಿಳಿಯುವುದಕ್ಕಾಗಿಯೇ ಓಡಿಸುತ್ತಾನೆ. ೧೦೦ರಲ್ಲಿ ಬ್ರೇಕು ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ೧೪೦ರಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದು ನಮ್ಮ ಸಿದ್ಧಾಂತವಲ್ಲ, ಹೈಸ್ಕೂಲಿನ ಲೆಕ್ಕ. ಆ ಇಮ್ಮಡಿ ದೂರದೊಳಗೆ, ಹೊಲ ಆಚೆಗೂ ಮನೆ ಈಚೆಗೂ ಇರುವ ಹೆಂಗಸೊಬ್ಬಳು ಮೇವಿನ ಹೊರೆ ಹೊತ್ತು ಬೇಲಿಯ ಸಂದಿಯಿಂದ ದಾಟುತ್ತಿದ್ದರೆ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ಹಳೆಯ ವಾಹನ ಮಾರುವ ವ್ಯಾಪಾರಿಗಳು ಅಧಿಕಾರಪತ್ರ ಪಡೆಯಬೇಕೆಂದು ಕೇಂದ್ರ ಸರ್ಕಾರ ೨೦೨೨ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ೨೦೨೩ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ವ್ಯಾಪಾರಿಯ ಕೈಯಲ್ಲಿ ಕಾರು ಇರುವಷ್ಟು ಕಾಲ ಅದರ ಜವಾಬ್ದಾರಿ ಅವನದು. ಗಿರಾಕಿಗೆ ಓಡಿಸಿ ತೋರಿಸಲು ಆಚೆ ತೆಗೆದರೆ ಯಾವ ಉದ್ದೇಶಕ್ಕೆ, ಯಾರು ಓಡಿಸಿದರು, ಎಷ್ಟು ಹೊತ್ತು, ಎಷ್ಟು ದೂರ ಎಂಬುದೆಲ್ಲ ದಾಖಲೆಯಲ್ಲಿ ಬರೆಯಬೇಕು. ಕಾಗದದ ಮೇಲೆ ಎಷ್ಟು ಚೆಂದ! ಕಿರಾಣಿ ಅಂಗಡಿಯವನ ತಕ್ಕಡಿಗೆ ಮುದ್ರೆ ಬಿದ್ದಿದೆಯೇ ಎಂದು ನೋಡಲು ಅಧಿಕಾರಿ ತಪ್ಪದೆ ಬರುತ್ತಾನೆ. ಈ ದಾಖಲೆ ತೆರೆದು ನೋಡಲು ಯಾರಾದರೂ ಯಾವತ್ತಾದರೂ ಹೋಗಿದ್ದಾರೆಯೇ? ಹೋಗಿದ್ದರೆ ಸಾರಿಗೆ ಇಲಾಖೆ ಹೇಳಲಿ, ನಾವು ಸಂತೋಷದಿಂದ ಅಚ್ಚು ಹಾಕುತ್ತೇವೆ.

ತೆರಿಗೆಯ ಲೆಕ್ಕವನ್ನೂ ನೋಡಿಬಿಡೋಣ. ನಮ್ಮ ರಾಜ್ಯದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ, ಅದು ಕೋಟಿಯದ್ದಾಗಲಿ ಐದು ಕೋಟಿಯದ್ದಾಗಲಿ, ಆಜೀವ ತೆರಿಗೆ ಬೆಲೆಯ ಶೇಕಡ ೧೮. ಕೂಲಿಕಾರನೊಬ್ಬ ಕಂತಿನ ಮೇಲೆ ಕೊಳ್ಳುವ, ಲಕ್ಷ ರೂಪಾಯಿಗೆ ಸ್ವಲ್ಪ ಮೇಲಾದ ಮೋಟಾರು ಸೈಕಲ್ಲಿಗೂ ಶೇಕಡ ೧೮! ಜಿ.ಎಸ್.ಟಿ.ಯ ಕಡೆ ತಿರುಗಿದರೆ ಅಲ್ಲೂ ಇದೇ ಸಂಖ್ಯೆ. ವ್ಯಾಪಾರಿಗಳು ಮಾರುವ ಹಳೆಯ ಸಣ್ಣ ಕಾರಿನ ಲಾಭದ ಮೇಲೆ ೧೨, ದೊಡ್ಡದರ ಮೇಲೆ ೧೮ ಇತ್ತು. ೨೦೨೫ರ ಜನವರಿಯಿಂದ ಸಣ್ಣದನ್ನೂ ೧೮ಕ್ಕೆ ಏರಿಸಿ ‘ಸಮಾನತೆ’ ತಂದರು. ಸಮಾನತೆ ಬೇಕೆಂದು ಕೇಳುತ್ತ ಬಂದವರು ನಾವು. ಆದರೆ ಮಾರುತಿ ಆಲ್ಟೋಗೂ ಪೋರ್ಷೆಗೂ ಈ ಬಗೆಯ ಸಮಾನತೆಯನ್ನು ನಾವು ಕೇಳಿರಲಿಲ್ಲ.

ಈ ೧೮ನ್ನಾದರೂ ಕೊಡುತ್ತಾರೆಯೇ? ಬೇರೆ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವುದು ಹಳೆಯ ವಿದ್ಯೆ. ೨೦೨೫ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ ತೆರಿಗೆ ತಪ್ಪಿಸಿದ ೩೦ ಐಷಾರಾಮಿ ಕಾರುಗಳನ್ನು ಹಿಡಿದರು. ಅದೇ ಜುಲೈನಲ್ಲಿ ಒಂದೇ ಒಂದು ಫೆರಾರಿಯಿಂದ ವಸೂಲಾದ ಬಾಕಿ ಸುಮಾರು ೧ ಕೋಟಿ ೪೨ ಲಕ್ಷ. ಒಂದು ಗಾಡಿಯ ಬಾಕಿಯೇ ಇಷ್ಟಾದರೆ ಸಿಕ್ಕದ ಗಾಡಿಗಳ ಬಾಕಿ ಎಷ್ಟಿರಬಹುದೆಂದು ಓದುಗರೇ ಊಹಿಸಲಿ. ಕಂತು ತಪ್ಪಿದರೆ ಮೋಟಾರು ಸೈಕಲ್ಲನ್ನು ಫೈನಾನ್ಸಿನವರು ಮನೆಯ ಮುಂದಿನಿಂದಲೇ ಎಳೆದೊಯ್ಯುತ್ತಾರೆ. ಅಲ್ಲಿ ಯಾವ ಕಾರ್ಯಾಚರಣೆಯೂ ಬೇಕಾಗುವುದಿಲ್ಲ.

ನಮ್ಮ ವ್ಯಾಪಾರಿ ಮಿತ್ರರಲ್ಲಿ ಕೆಲವರು, ‘ದುಡ್ಡಿದ್ದವರು ಈ ಕಡೆ ಬಂದರೆ ನಾಲ್ಕು ಕಾಸು ವ್ಯಾಪಾರವಾಗುತ್ತದಲ್ಲ’ ಎನ್ನುತ್ತಾರೆ. ಬಂದು ನಿಂತರೆ ಆಗುತ್ತದೆ, ಸರಿ. ಆದರೆ ರಾಮನಗರ ಚನ್ನಪಟ್ಟಣಗಳೆರಡನ್ನೂ ಒಟ್ಟಿಗೆ ಬಳಸಿಕೊಂಡು ಹೋಗುವ ಬೈಪಾಸು ಇಪ್ಪತ್ತೆರಡು ಕಿಲೋಮೀಟರು. ಹಳೆಯ ರಸ್ತೆಯಲ್ಲಿ ಬಸ್ಸು ನಿಂತರೆ ಮಗು ಅಂಗಡಿಯ ಮುಂದೆ ತೂಗುಹಾಕಿದ ಬಣ್ಣದ ಗಾಡಿಯನ್ನು ತೋರಿಸಿ ಅಳುತ್ತಿತ್ತು. ತಾಯಿ ಚೌಕಾಸಿ ಮಾಡಿ ಕೊಳ್ಳುತ್ತಿದ್ದಳು. ಹಾಲೆ ಮರವನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ, ಕಲಾನಗರದ ಕೈಗಳು ಮಾಡಿದ ಗಾಡಿ ಅದು. ಇಪ್ಪತ್ತು ವರ್ಷಗಳ ಹಿಂದೆಯೇ ಭೌಗೋಳಿಕ ಗುರುತಿನ ಪಟ್ಟ ಕಟ್ಟಿಸಿಕೊಂಡದ್ದು. ಪಟ್ಟ ಗೋಡೆಯ ಮೇಲಿದೆ, ಗಿರಾಕಿ ಬೈಪಾಸಿನ ಮೇಲಿದ್ದಾನೆ. ಹೊಸ ರಸ್ತೆ ಬಂದ ಮೇಲೆ ಹಳೆಯ ರಸ್ತೆಯ ಬೊಂಬೆ ಅಂಗಡಿಗಳೂ ಹೋಟೆಲುಗಳೂ ಎಷ್ಟು ಸೊರಗಿವೆಯೆಂದು ಅಲ್ಲಿ ಅರ್ಧ ಗಂಟೆ ನಿಂತವನಿಗೆ ಗೊತ್ತಾಗುತ್ತದೆ. ಪರೀಕ್ಷೆಗೆ ಬಂದ ಸ್ಪೋರ್ಟ್ಸ್ ಕಾರಂತೂ ಸರ್ವಿಸ್ ರಸ್ತೆಗೆ ಇಳಿಯುವುದೇ ಇಲ್ಲ. ಅದರ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ. ನಮ್ಮ ಒಂದು ರೋಡ್ ಹಂಪಿಗೆ ಸಿಕ್ಕಿದರೆ ಕೊಂಡವನ ಕರುಳೇ ಕಿತ್ತುಬರುತ್ತದೆ. ಬಡವರ ರಸ್ತೆಯ ಹಂಪು ಈ ಜಿಲ್ಲೆಯಲ್ಲಿ ಶ್ರೀಮಂತನನ್ನು ತಡೆಯುವ ಏಕೈಕ ಶಕ್ತಿಯಾಗಿ ಉಳಿದಿದೆ.

‘ಹಳೆಯ ಕಾರು ಕೊಳ್ಳುವವನು ಮಧ್ಯಮ ವರ್ಗದವನು, ಅವನ ಮೇಲೇಕೆ ಕೋಪ’ ಎಂದೂ ಒಂದು ವಾದವಿದೆ. ವಾರವೆಲ್ಲ ದುಡಿದವನಿಗೆ ಒಂದು ದಿನದ ಸಂತೋಷ ಬೇಡವೇ ಎನ್ನುತ್ತಾರೆ. ಬೇಕು. ಆ ಒಂದು ದಿನಕ್ಕಾಗಿಯೇ ಜಗತ್ತಿನ ಕೆಲಸಗಾರರು ಹೋರಾಡಿದ್ದು. ಆದರೆ ಇದೇ ಹೆದ್ದಾರಿ ಉದ್ಘಾಟನೆಯಾಗುವ ಕೆಲವೇ ದಿನ ಮೊದಲು, ೨೦೨೩ರ ಫೆಬ್ರವರಿಯಲ್ಲಿ, ನಮ್ಮ ವಿಧಾನಮಂಡಲ ಕಾರ್ಖಾನೆಗಳಲ್ಲಿ ದಿನಕ್ಕೆ ೧೨ ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ವಾರಕ್ಕೆ ೪೮ ಗಂಟೆ ಮೀರುವುದಿಲ್ಲ ಎಂಬ ಸಮಾಧಾನವನ್ನು ಜೊತೆಗಿಟ್ಟಿತು, ಹೆಚ್ಚುವರಿ ದುಡಿಮೆಯ ಮಿತಿಯನ್ನೂ ಏರಿಸಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ೨೦೨೦ರ ನವೆಂಬರಿನಲ್ಲಿ ಮುಷ್ಕರವೂ ಲಾಕೌಟೂ ನಡೆದು, ಕಾರು ಮಾಡುವ ಕೈಗಳು ತಿಂಗಳುಗಟ್ಟಲೆ ಗೇಟಿನ ಹೊರಗೆ ಕುಳಿತದ್ದನ್ನು ಈ ಜಿಲ್ಲೆ ಮರೆತಿಲ್ಲ. ಒಬ್ಬನಿಗೆ ವಾರಾಂತ್ಯಕ್ಕೆಂದೇ ಬೇರೆ ಕಾರು. ಇನ್ನೊಬ್ಬನಿಗೆ ವಾರಕ್ಕೆ ಅಂತ್ಯವೇ ಇಲ್ಲ. ಅಂಗಡಿಯಿಟ್ಟ ನಮ್ಮ ಮಿತ್ರರ ಮಾತಂತೂ ಬೇಡ. ಭಾನುವಾರ ಬಾಗಿಲು ಹಾಕಿದರೆ ಸೋಮವಾರದ ಸಾಲದ ಕಂತಿಗೆ ತತ್ವಾರ.

ಸ್ಪೋರ್ಟ್ಸ್ ಕಾರನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ನಿಷೇಧದ ರುಚಿ ಹೇಗಿರುತ್ತದೆಂದು ನಮ್ಮ ಆಟೋದವರಿಗೆ ಗೊತ್ತಿದೆ. ವೇಗ ಪರೀಕ್ಷಿಸಬೇಕಾದವರಿಗೆ ಟೋಲಿಲ್ಲದ, ಜನವಿಲ್ಲದ, ಅದಕ್ಕೆಂದೇ ಮಾಡಿದ ಪಂದ್ಯದ ಪಥಗಳು ಚೆನ್ನೈ, ಕೊಯಮತ್ತೂರುಗಳಲ್ಲಿವೆ. ಬಾಡಿಗೆ ಕೊಟ್ಟು ಅಲ್ಲಿ ಓಡಿಸಲಿ. ಇಲ್ಲಿ ಓಡಿಸುವುದಾದರೆ ೧೦೦ ಎಂದರೆ ೧೦೦. ಕ್ಯಾಮರಾ ಹಿಡಿದ ವೇಗವನ್ನು ವ್ಯಾಪಾರಿಯ ದಾಖಲೆಯ ಜೊತೆ ಹೋಲಿಸಿ ನೋಡಲಿ. ಎರಡನೆಯ ಸಲ ಸಿಕ್ಕಿಬಿದ್ದ ವ್ಯಾಪಾರಿಯ ಅಧಿಕಾರಪತ್ರ ಕಿತ್ತುಕೊಳ್ಳಲಿ. ಐಷಾರಾಮಿ ಕಾರಿನ ತೆರಿಗೆ ಏರಲಿ, ಲಕ್ಷದ ಮೋಟಾರು ಸೈಕಲ್ಲಿನದು ಇಳಿಯಲಿ. ಹಳ್ಳಿಯಿದ್ದಲ್ಲೆಲ್ಲ ಹೆದ್ದಾರಿ ದಾಟಲು ಮೇಲುಸೇತುವೆ ಬರಲಿ, ಮಳೆ ಬಂದರೆ ಕೆಳಸೇತುವೆಗಳಲ್ಲಿ ನೀರು ನಿಲ್ಲದಿರಲಿ. ಚನ್ನಪಟ್ಟಣಕ್ಕೆ ಇಳಿಯುವ ದಾರಿ ಎಲ್ಲಿದೆಯೆಂದು ಹೆದ್ದಾರಿಯ ಮೇಲೆ ಕಣ್ಣಿಗೆ ಕಾಣುವಂತೆ ಬರೆಸಲಿ.

ಹೆದ್ದಾರಿ ಪ್ರಾಧಿಕಾರದವರು ಮೊದಲು ಒಂದು ಕೆಲಸ ಮಾಡಬಹುದು. ಯಾವುದಾದರೊಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಬಿಡದಿಯಿಂದ ಚನ್ನಪಟ್ಟಣದವರೆಗೆ ಸರ್ವಿಸ್ ರಸ್ತೆಯಲ್ಲಿ ಒಂದು ಲಗೇಜ್ ಆಟೋ ಹತ್ತಿ ಹೊರಡಲಿ. ಪಕ್ಕದಲ್ಲಿ ಗುಡುಗಿಕೊಂಡು ಹೋಗುವ ಕಾರುಗಳನ್ನು ಎಣಿಸಲಿ, ತಮ್ಮ ಆಟೋ ಎಷ್ಟು ಗುಂಡಿಗೆ ಬಿತ್ತೆಂಬುದನ್ನೂ ಎಣಿಸಲಿ. ಆಟೋ ಬಾಡಿಗೆಯನ್ನು ಅವರೇ ಕೊಡಬೇಕು.