ಕುದುರೆ ನಡೆದು ಬಂತಾ?

‘ಓಡೋದು ಕುದುರೆ, ಪದಕ ಮಾತ್ರ ಮೇಲೆ ಕೂತವನಿಗಾ?’ ಅಂತ ಕ್ಯಾಂಟೀನಿನಲ್ಲಿ ನಗುವವರೇ, ಆ ಕುದುರೆಯ ಹೆಸರು ಹೇಳಿ ನೋಡೋಣ.

2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದಿದ್ದು ಸಿನ್ಯೂರ್ ಮೆಡಿಕಾಟ್ ಜೊತೆ. ಡ್ರೆಸಾಜ್, ಕ್ರಾಸ್ ಕಂಟ್ರಿ, ಶೋ ಜಂಪಿಂಗ್ ಮೂರಕ್ಕೂ ಅದೇ ಕುದುರೆ. ಕೊನೆಯ ಸುತ್ತಿಗೆ ಮುಂಚೆ ಅದನ್ನು ತೀರ್ಪುಗಾರರ ಎದುರು ಓಡಿಸಿ ತೋರಿಸಬೇಕು. ಕುಂಟಿದರೆ, ಸವಾರ ಎಷ್ಟೇ ಮುಂದಿರಲಿ, ಆಟ ಮುಗೀತು.

ನಮ್ಮೂರಲ್ಲಿ ಎತ್ತು ಕುಂಟಿದ ದಿನ ಅಪ್ಪ ನೊಗ ಬಿಚ್ಚುತ್ತಿದ್ದ, ಬಿತ್ತನೆ ತಡವಾದರೂ ಸರಿ. ಅದನ್ನು ಯಾರೂ ಸೋಲು ಅನ್ನಲಿಲ್ಲ.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದೇ ಜೋಡಿ 23ನೇ ಸ್ಥಾನಕ್ಕೆ ಬಂದಾಗ ‘ಅಷ್ಟೇನಾ?’ ಅಂದವರಿದ್ದಾರೆ. ಅದೇ ಸ್ಪರ್ಧೆಯ ಕ್ರಾಸ್ ಕಂಟ್ರಿಯಲ್ಲಿ ಗಾಯಗೊಂಡ ಸ್ವಿಟ್ಜರ್ಲೆಂಡಿನ ಕುದುರೆ ಜೆಟ್ ಸೆಟ್‌ಗೆ ದಯಾಮರಣ ಕೊಡಬೇಕಾಯಿತು. ಸ್ಪರ್ಧೆಗೆ ಹೆಸರು ಕೊಟ್ಟಿದ್ದು ಅದಲ್ಲ. ‘ಸಾಕು’ ಅನ್ನೋಕೆ ಅದಕ್ಕೆ ಬಾಯಿಯೂ ಇಲ್ಲ. ಅದರ ಪರವಾಗಿ ಸಾಕು ಅನ್ನೋದೇ ಸವಾರನ ಮೊದಲ ವಿದ್ಯೆ.

ಮುಂದಿನ ಸಲ ಪದಕ ಎಣಿಸುವ ಮೊದಲು ಇಷ್ಟು ಕೇಳಿ: ಕುದುರೆ ನಡೆದು ಲಾಯಕ್ಕೆ ಬಂತಾ?