ಅಮೆರಿಕದ 'ಸ್ಮಾರ್ಟ್ ಕನ್ನಡಕ' ಊರಿಗೆ ಕಳಿಸುವ ಮುನ್ನ ಒಂದಿಷ್ಟು ಲೆಕ್ಕ

ಕ್ಯಾಮರಾ ಇರುವ ಕನ್ನಡಕ ಹಾಕಿದ ಕೂಡಲೇ ಅಜ್ಜಿಗೆ ಮೊಮ್ಮಗಳ ಮುಖ ಕಾಣುವ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಊರಲ್ಲಿರುವ ಅಪ್ಪ ಅಮ್ಮನ ನೆನಪಾಗೋದು ಸಹಜ. ಆದ್ರೆ ದುಡ್ಡು ಕಳಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ.

ಈ ತಂತ್ರ ತೀರಾ ಹೊಸತಲ್ಲ. ವಾಷಿಂಗ್ಟನ್ ಪಕ್ಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿಲ್ಮರ್ ಕಣ್ಣಿನ ಸಂಸ್ಥೆಯವರು ನಾಸಾ ಜೊತೆ ಸೇರಿ 1990ರ ದಶಕದಲ್ಲೇ ತಲೆಗೆ ಕಟ್ಟಿಕೊಳ್ಳುವ ಇಂಥ ಸಾಧನ ಮಾಡಿದ್ದರು. ಕ್ಯಾಮರಾ ಹಿಡಿದ ಚಿತ್ರವನ್ನು ದೊಡ್ಡದು ಮಾಡಿ, ಕಪ್ಪು ಬಿಳುಪು ಗಾಢ ಮಾಡಿ ಕಣ್ಣೆದುರಿನ ಪುಟ್ಟ ಪರದೆಗೆ ತರುವುದು ಅದರ ಕೆಲಸ. ಅಂದು ಅದು ತಲೆಭಾರ. ಈಗ ಹಗುರವಾಗಿದೆ, ತತ್ವ ಮಾತ್ರ ಅದೇ.

ಬೆಲೆ ನೋಡಿ. ಕೆನಡಾದ ಇಸೈಟ್ 2013ರಲ್ಲಿ ಸುಮಾರು 15,000 ಡಾಲರ್, 2017ರ ಮಾದರಿ ಸುಮಾರು 10,000. ಅಂದರೆ 36,700 ದಿರ್ಹಮ್ ಚಿಲ್ಲರೆ. ತಿಂಗಳಿಗೆ 1,500 ದುಡಿಯುವವನಿಗೆ ಎರಡು ವರ್ಷದ ಸಂಬಳ, ಊಟ ಬಾಡಿಗೆ ಲೆಕ್ಕ ಬೇರೆ. ಆಮೇಲೆ ಬೆಲೆ ಇಳಿದಿದೆ ನಿಜ, ಆದರೂ ಅಗ್ಗ ಅನ್ನುವಂತಿಲ್ಲ. ಅಮೆರಿಕದವರಿಗೇ ಇದು ಭಾರ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಇಂಥ ಸಾಧನಕ್ಕೆ ಹಣ ಕೊಡುವುದಿಲ್ಲ, ಅರ್ಹ ಮಾಜಿ ಸೈನಿಕರಿಗೆ ಮಾತ್ರ ಅವರ ಇಲಾಖೆ ಕೊಡಿಸುತ್ತದೆ. ಹಾಗಾಗಿ ಅಟ್ಲಾಂಟಾದಲ್ಲೋ ಕೆರೊಲಿನಾದಲ್ಲೋ ಇರುವ ನಿವೃತ್ತರು ಸ್ವಂತ ಜೇಬಿನಿಂದ ಕೊಡಬೇಕು, ಇಲ್ಲಾಂದ್ರೆ ದಾನಿಗಳನ್ನು ಹುಡುಕಬೇಕು.

ಇನ್ನೂ ಮುಖ್ಯ ಪ್ರಶ್ನೆ: ಯಾವ ಕಣ್ಣಿಗೆ? ವಯಸ್ಸಿನಿಂದ ದೃಷ್ಟಿಯ ನಡುಭಾಗ ಮಂಜಾದವರಿಗೆ ದೊಡ್ಡದಾಗಿ ತೋರಿಸುವುದು ಉಪಕಾರಿ. ಗ್ಲಾಕೋಮಾದಿಂದ ಸುತ್ತಲಿನ ದೃಷ್ಟಿ ಹೋಗಿ ಕೊಳವೆಯಲ್ಲಿ ನೋಡಿದಂತೆ ಕಾಣುವವರಿಗೆ ಅದೇ ತೊಂದರೆ. ದೊಡ್ಡದಾದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಪೂರ್ತಿ ಕಾಣದವರಿಗೆ ಪರದೆ ಉಪಯೋಗಕ್ಕಿಲ್ಲ, ಓದಿ ಹೇಳುವ ಸಾಧನ ಬೇಕು. ಅಂಥದ್ದನ್ನು ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಮಾಡುತ್ತಿದೆ. ಫೋನ್ ಇದ್ದರೆ ಬಿ ಮೈ ಐಸ್ ಆ್ಯಪ್ ಉಚಿತ. ಕ್ಯಾಮರಾ ಹಿಡಿದರೆ ಆಚೆ ಬದಿಯ ಸ್ವಯಂಸೇವಕರು ನೋಡಿ ಹೇಳ್ತಾರೆ.

ಯಾವ ಕನ್ನಡಕವೂ ರೋಗ ನಿಲ್ಲಿಸಲ್ಲ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು, ಗಲ್ಫ್‌ನಲ್ಲಿ ದುಡಿಯುವವರು ಸಹ. ಊರಿನವರಾದರೆ ಮೊದಲು ದೊಡ್ಡ ಕಣ್ಣಾಸ್ಪತ್ರೆಯ ಲೋ ವಿಷನ್ ವಿಭಾಗದಲ್ಲಿ ಪರೀಕ್ಷೆ ಮಾಡಿಸಿ. ಅಂಗವೈಕಲ್ಯ ಶೇ. 40 ದಾಟಿದ್ದರೆ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿಸಿ. ಸಾಧನ ಕೊಳ್ಳುವುದಾದರೆ ಹಾಕಿಕೊಳ್ಳುವವರೇ ಹೋಗಿ ಅರ್ಧ ಗಂಟೆ ಹಾಕಿ ನೋಡಲಿ. ಕೆಲವರಿಗೆ ತಲೆ ಸುತ್ತುತ್ತದೆ. ಅಮೆರಿಕದ ನೆಂಟರ ಬ್ಯಾಗಿನಲ್ಲಿ ಬಂದದ್ದು ಕೆಟ್ಟರೆ ರಿಪೇರಿ ಎಲ್ಲಿ ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ.