ಜೋಡಿ ಆಟದ ಲೆಕ್ಕ

ಭಾಲ್ಕಿಯ ಸೋದರಿಯೊಬ್ಬರು ಬರೆದಿದ್ದಾರೆ: "ಮಗಳು ಟೆನಿಸ್ ಅಂತ ಹಟ ಹಿಡಿದಿದ್ದಾಳೆ. ಒಬ್ಬಳೇ ಆಡಿ ಗೆಲ್ಲುವಷ್ಟು ಕಸುವಿಲ್ಲ, ಡಬಲ್ಸ್ ಆಡುತ್ತಾಳಂತೆ. ಇನ್ನೊಬ್ಬಳ ಜೊತೆ ನಿಂತು ಆಡಿದರೆ ಹೊಟ್ಟೆ ತುಂಬುತ್ತದೆಯೇ ಅಕ್ಕಾ?"

ತಂಗಿ, ಮುಚ್ಚುಮರೆ ಬೇಡ. ಬಹಳ ಮಂದಿಗೆ ತುಂಬುವುದಿಲ್ಲ. ಅಂತರರಾಷ್ಟ್ರೀಯ ಆಟದ ಕೆಳಗಿನ ಮೆಟ್ಟಿಲ ಪಂದ್ಯಾವಳಿಯ ಒಟ್ಟು ಬಹುಮಾನ 15,000 ಡಾಲರ್. ದೊಡ್ಡ ಗಂಟೇ ಅನ್ನಿಸಿತಲ್ಲವೆ? ಅದರಲ್ಲಿ ಹೆಚ್ಚಿನ ಪಾಲು ಸಿಂಗಲ್ಸ್‌ನವರಿಗೆ ಹೋಗುತ್ತದೆ. ಡಬಲ್ಸ್ ಗೆದ್ದ ಜೋಡಿಗೆ ಬರುವುದು ಸಾವಿರ ಡಾಲರಿಗೂ ಕಡಿಮೆ. ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಪ್ರಯಾಣದ ಖರ್ಚು ನಮ್ಮದೇ. ಗಳಿಸಿದ ಅಂಕಗಳು 52 ವಾರ ಕಳೆದರೆ ಉದುರಿಹೋಗುತ್ತವೆ. ಹೀಗಾಗಿ ಕಾಲು ಉಳುಕಿ ಮನೆಯಲ್ಲಿ ಕೂತರೂ ನಷ್ಟವೇ.

ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ರ ವಯಸ್ಸಿನಲ್ಲಿ, ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದ ಕಥೆಯನ್ನು ನಿಮ್ಮ ಮಗಳು ಹೇಳಿಯೇ ಇರುತ್ತಾಳೆ. ಅದು ಅಪರೂಪದ ಮಾತು. ನಾನು ಹೇಳುವುದು ನಮ್ಮ ನೆರೆಯ ಹುಡುಗಿಯ ಕಥೆ.

ಪಂಢರಪುರಕ್ಕೆ ಹೋಗುವವರು ಬಾರ್ಶಿ ನೋಡಿರುತ್ತೀರಿ, ಸೊಲ್ಲಾಪುರ ಜಿಲ್ಲೆಯ ಊರು. ಪ್ರಾರ್ಥನಾ ಠೋಂಬರೆ ಅಲ್ಲಿಯವಳು. ಬಾರ್ಶಿ ಬಿಟ್ಟು ಹೈದರಾಬಾದಿಗೆ ಹೋಗಿ ಸಾನಿಯಾ ಮಿರ್ಜಾ ಅಕಾಡೆಮಿಯಲ್ಲಿ ಕಲಿತಳು. ಭೂಪಟ ತೆಗೆದು ನೋಡಿ, ಆ ಎರಡು ಊರುಗಳ ನಡುವೆ ಇರುವುದು ನಮ್ಮ ಬೀದರ ಸೀಮೆಯೇ! 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸಾನಿಯಾ ಜೊತೆ ಕಂಚು ಗೆದ್ದಾಗ ಪ್ರಾರ್ಥನಾಗೆ ಇಪ್ಪತ್ತು ವರ್ಷ. 2016ರಲ್ಲಿ ರಿಯೊ ಒಲಿಂಪಿಕ್ಸ್. ಪಕ್ಕದಲ್ಲಿ ನಿಂತ ಸಾನಿಯಾ ಆಗ ಡಬಲ್ಸ್‌ನಲ್ಲಿ ವಿಶ್ವಕ್ಕೇ ಮೊದಲನೆಯವರು, ಈಕೆಯ ರ‍್ಯಾಂಕ್ ನೂರರಾಚೆ. ಮೊದಲ ಸುತ್ತಿನಲ್ಲೇ ಚೀನಾದ ಜೋಡಿಗೆ ಮೂರು ಸೆಟ್‌ಗಳಲ್ಲಿ ಸೋತರು. ಆಮೇಲೆ? ಆಮೇಲೂ ವರ್ಷಗಟ್ಟಲೆ ಸಣ್ಣ ಪಂದ್ಯಾವಳಿಗಳಲ್ಲಿ, ಜೋಡಿ ಬದಲಾಯಿಸುತ್ತ ಆಡಿದಳು. ಇಬ್ಬರ ರ‍್ಯಾಂಕ್ ಕೂಡಿಸಿ ನೋಡಿಯೇ ಪ್ರವೇಶ ಕೊಡುವುದರಿಂದ, ಒಳ್ಳೆ ಜೊತೆಗಾತಿ ಸಿಗುವುದು ಒಳ್ಳೆ ಸಂಬಂಧ ಸಿಕ್ಕಷ್ಟೇ ಕಷ್ಟ. (ನಗಬೇಡಿ, ಇಲ್ಲಿ ಜಾತಕ ಪ್ರತಿ ವಾರ ಬದಲಾಗುತ್ತದೆ.)

ಹಾಗಂತ ಬೇಡ ಅಂದುಬಿಡಬೇಡಿ. ಸದ್ಯ ಬೀದರಿಗೋ ಹೈದರಾಬಾದಿಗೋ ರಜೆಯಲ್ಲಿ ಕಳಿಸಿ ನೋಡಿ, ಎಸ್ಸೆಸ್ಸೆಲ್ಸಿ ಮಾತ್ರ ತಪ್ಪಿಸಬೇಡಿ. ಎರಡು ವರ್ಷಕ್ಕೆ ಎಷ್ಟು ಖರ್ಚು ತಡೆದೀರಿ ಎಂಬುದನ್ನು ಯಜಮಾನರ ಜೊತೆ ಕೂತು ಬರೆದಿಡಿ, ಮಗಳಿಗೂ ತೋರಿಸಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರೆ ದಾರಿಯ ಊಟದ ಖರ್ಚಾದರೂ ಉಳಿದೀತು.

ಮೊದಲು ಜೊತೆ ಯಾರು ಅಂತ ಅವಳನ್ನೇ ಕೇಳಿ. ಔರಾದಿನ ಕಡೆ ರ‍್ಯಾಕೆಟ್ ಹಿಡಿಯುವ ಹುಡುಗಿಯರಿದ್ದರೆ ಅವರ ತಾಯಂದಿರು ನನಗೊಂದು ಕಾಗದ ಹಾಕಲಿ, ನಿಮಗೆ ತಲುಪಿಸುತ್ತೇನೆ.